ಜಿದ್ದಿನ ಮರ್ಯಾದೆ

ಮೈಸೂರಿನ ದಸರಾ ಕುಸ್ತಿಯನ್ನು ಬಲ್ಲವರಿಗೆ ‘ಜೋಡಿ ಕಟ್ಟುವುದು’ ಎಂಬ ಮಾತು ಅಪರಿಚಿತವಲ್ಲ. ಪಂದ್ಯಗಳು ಆರಂಭವಾಗುವುದಕ್ಕೆ ಮೊದಲೇ, ಬಂದ ಪೈಲ್ವಾನರನ್ನೆಲ್ಲ ಒಂದೆಡೆ ಕೂಡಿಸಿ, ಹಿರಿಯ ಉಸ್ತಾದರು ಒಬ್ಬೊಬ್ಬರ ಮೈಕಟ್ಟು, ತೂಕ, ವಯಸ್ಸು, ಪಳಗಿದ ಗರಡಿ, ಹಿಂದಿನ ಸೋಲು ಗೆಲವುಗಳನ್ನು ವಿಚಾರಿಸಿ, ಇಂಥವನಿಗೆ ಇಂಥವನು ಸಮಜೋಡಿಯೆಂದು ಗೊತ್ತುಮಾಡುತ್ತಾರೆ. ಅಖಾಡದ ಕೆಮ್ಮಣ್ಣಿನ ಮೇಲೆ ಸಾವಿರಾರು ಕಣ್ಣುಗಳ ಮುಂದೆ ನಡೆಯುವ ಹೋರಾಟಕ್ಕೆ ಚಪ್ಪಾಳೆ ಉಂಟು, ಹೂಮಾಲೆ ಉಂಟು, ಗದೆಯ ಬಹುಮಾನ ಉಂಟು. ಜೋಡಿ ಕಟ್ಟಿದ ಮುದುಕರ ಹೆಸರುಗಳು ಮಾತ್ರ ಪತ್ರಿಕೆಗಳಲ್ಲಿ ಅಚ್ಚಾಗುವುದು ಅಪರೂಪ. ಆದರೂ ಮಲ್ಲವಿದ್ಯೆಯ ಚರಿತ್ರೆಯಲ್ಲಿ ಜನ ಇಂದಿಗೂ ನೆನೆಯುವ ಜಿದ್ದುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಅವುಗಳ ಹಿರಿಮೆಯಲ್ಲಿ ಅರ್ಧಪಾಲು ಈ ಹೆಸರಿಲ್ಲದವರಿಗೇ ಸಲ್ಲಬೇಕು.

‘ಜಿದ್ದು’ ಎಂದೊಡನೆ ಉಪಾಧ್ಯಾಯವರ್ಗ ಹುಬ್ಬು ಗಂಟಿಕ್ಕುವುದು ಸಹಜ. ಶಾಲೆಯಲ್ಲಿ ಕಲಿಸಬೇಕಾದದ್ದು ಸೌಹಾರ್ದವನ್ನೇ ಹೊರತು ಜಿದ್ದನ್ನಲ್ಲ ಎಂಬುದು ರೂಢಿಯ ಮಾತು. ರೂಢಿಯ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆ. ಕನ್ನಡದಲ್ಲಿ ‘ಮರ್ಯಾದೆ’ ಎಂಬ ಶಬ್ದಕ್ಕೆ ಗೌರವವೆಂಬ ಅರ್ಥವಿರುವಂತೆಯೇ ಎಲ್ಲೆಯೆಂಬ ಅರ್ಥವೂ ಉಂಟು. ಈ ಎರಡೂ ಅರ್ಥಗಳಲ್ಲಿ ಮರ್ಯಾದೆಯುಳ್ಳ ಜಿದ್ದು ವಿದ್ಯೆಯ ಒಂದು ಅಂಗ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತ ಬೆಳೆಯುತ್ತಿರುವ ಮಕ್ಕಳಿಗೆ ಇಂದು ಕೊರತೆಯಾಗಿರುವುದು ಈ ಅಂಗವೇ.

ಈ ವಿಚಾರ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಬಸವಾದಿ ಶರಣರ ಕಾಲಕ್ಕೆ ಕೇವಲ ಒಂದು ತಲೆಮಾರು ಹಿಂದೆ, ಅದೇ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಪ್ರಕರಣ ಮೀಸಲಾಗಿದೆ. ಅಲ್ಲಿ ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಲಾಗಿದೆ; ಅವರಿಗೆ ಎಂಥ ಆಹಾರ, ಎಂಥ ಸಾಮು ಎಂಬುದನ್ನೂ ವಿವರಿಸಲಾಗಿದೆ. ಅರಸನೊಬ್ಬನು ರಾಜ್ಯಭಾರದ ನಡುವೆ ಕುಳಿತು ಮಲ್ಲರನ್ನು ತರಗತಿಗಳಾಗಿ ವಿಂಗಡಿಸಿದನೆಂದರೆ, ಸಮನಲ್ಲದವರನ್ನು ಕಾದಾಡಿಸುವುದು ವಿನೋದವಲ್ಲ, ಕ್ರೌರ್ಯ ಎಂಬ ವಿವೇಕ ಅಂದೇ ಇದ್ದಿತೆಂದು ತಿಳಿಯಬೇಕು.

ವಿವೇಕ ಇದ್ದಿತೆಂದ ಮಾತ್ರಕ್ಕೆ ಅದು ಎಲ್ಲೆಡೆ ನಡೆಯಿತೆಂದಲ್ಲ. ಕನ್ನಡಿಗರ ನೆನಪಿನಲ್ಲಿ ಅಚ್ಚೊತ್ತಿರುವ ಮಲ್ಲಕಾಳಗಗಳಲ್ಲಿ ಮೊದಲನೆಯದು 1638ರಿಂದ 1659ರವರೆಗೆ ಮೈಸೂರನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರದು. ತಿರುಚಿರಾಪಳ್ಳಿಯ ಆಸ್ಥಾನದ ಮಲ್ಲನೊಬ್ಬ ತನಗೆ ಸಮನಿಲ್ಲವೆಂದು ಬೀಗಿ, ತನ್ನ ಚಲ್ಲಣವನ್ನು ಹೆಬ್ಬಾಗಿಲಿಗೆ ಕಟ್ಟಿಸಿ, ಬಂದವರೆಲ್ಲ ಅದರ ಕೆಳಗೆ ತಲೆಬಾಗಿ ನುಸುಳುವಂತೆ ಮಾಡಿದ್ದನಂತೆ. ಇನ್ನೂ ಪಟ್ಟವೇರದ ಕಂಠೀರವರು ವೇಷ ಮರೆಸಿಕೊಂಡು ಹೋಗಿ ಅವನನ್ನು ಕಾದಿ ಕೆಡಹಿದರೆಂಬುದು ಐತಿಹ್ಯ. 1960ರಲ್ಲಿ ತೆರೆಕಂಡ, ರಾಜಕುಮಾರ್ ನಟಿಸಿದ ‘ರಣಧೀರ ಕಂಠೀರವ’ ಚಿತ್ರದ ಮೂಲಕ ಆ ಹೆಸರು ಹಳ್ಳಿಹಳ್ಳಿಗಳ ಮಕ್ಕಳ ಬಾಯಲ್ಲಿ ನೆಲೆಸಿತು. ದಸರಾ ಕುಸ್ತಿಯ ‘ದಸರಾ ಕಂಠೀರವ’ ಎಂಬ ಬಿರುದು ಇಂದಿಗೂ ಅದೇ ಹೆಸರನ್ನು ಹೊತ್ತಿದೆ. ಕಥೆ ರೋಮಾಂಚಕವಾದದ್ದು, ಸಂದೇಹವಿಲ್ಲ. ಆದರೆ ಅಲ್ಲಿ ಎದುರಾಳಿ ಜೀವಸಹಿತ ಉಳಿಯಲಿಲ್ಲ. ಉಳಿಯದ ಎದುರಾಳಿಯೊಡನೆ ಎರಡನೆಯ ಕುಸ್ತಿಯಿಲ್ಲ. ಎರಡನೆಯ ಕುಸ್ತಿಯಿಲ್ಲದ ಮೇಲೆ ಕಲಿಯುವುದಕ್ಕೂ ಏನೂ ಇಲ್ಲ. ಹೆಬ್ಬಾಗಿಲಿಗೆ ಚಲ್ಲಣ ಕಟ್ಟಿದವನ ತಪ್ಪು ಬಲವಿದ್ದುದರಲ್ಲಿರಲಿಲ್ಲ. ಸಮಜೋಡಿಯನ್ನು ಹುಡುಕಿಕೊಳ್ಳದೆ ಹೋದುದರಲ್ಲಿತ್ತು.

ಅದೇ ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳವರು ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನಚಾದ ಆಯುಧವನ್ನು ತೊಟ್ಟು ಎದುರುಬದುರಾಗಿ ನಿಲ್ಲುತ್ತಾರೆ. ನೋಡುವವರ ಎದೆ ನಡುಗುತ್ತದೆ. ಆದರೆ ಒಬ್ಬನ ನೆತ್ತಿಯಲ್ಲಿ ಮೊದಲ ಹನಿ ರಕ್ತ ಕಂಡ ಕ್ಷಣವೇ ಕಾಳಗ ಮುಗಿಯಿತು. ಎಷ್ಟೋ ಸಲ ಅದು ಒಂದು ನಿಮಿಷವೂ ನಡೆಯುವುದಿಲ್ಲ. ಮುಂದಿನ ದಸರೆಗೆ ಅವೇ ಊರುಗಳು, ಅವೇ ಮನೆತನಗಳು. ತಲೆಮಾರುಗಳ ಜಿದ್ದು ಒಂದು ಹನಿಯಲ್ಲಿ ನಿಂತು, ವರ್ಷಕ್ಕೊಮ್ಮೆ ಮತ್ತೆ ಏಳುತ್ತದೆ. ಎಲ್ಲೆ ಎಂಬುದು ಜಿದ್ದನ್ನು ಕುಗ್ಗಿಸುವುದಿಲ್ಲ, ಅದಕ್ಕೆ ಆಯುಸ್ಸನ್ನು ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. (ಈ ನಾಲ್ಕು ಊರುಗಳಲ್ಲಿ ಬೆಂಗಳೂರೂ ಒಂದು ಎಂಬುದನ್ನು ರಾಜಧಾನಿಯ ನಿವಾಸಿಗಳೇ ಮರೆತಿದ್ದಾರೆ.)

ಹಣಕ್ಕಾಗಿ, ಹೆಸರಿಗಾಗಿ ದೇಶದೇಶಗಳನ್ನು ಸುತ್ತಿದ ವೃತ್ತಿಪರ ಮಲ್ಲರ ಕಡೆಗೆ ಹೊರಳಿದರೆ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಇಲ್ಲಿ ಕನ್ನಡ ನಾಡಿನ ಗಡಿಯನ್ನು ದಾಟುವುದು ಅನಿವಾರ್ಯ. ಕರ್ನಾಟಕದ ಗರಡಿಗಳಲ್ಲಿಯೂ ಗುರುವಿನಂತೆ ನೆನೆಯಲ್ಪಡುವ ಗಾಮಾ ಪೈಲ್ವಾನನ ಮಾತಿಲ್ಲದೆ ಈ ವಿಷಯ ಪೂರ್ಣವಾಗದು. ಐದಡಿ ಏಳಂಗುಲದ ಗಾಮಾನಿಗೆ ಹೆಚ್ಚುಕಡಮೆ ಏಳಡಿ ಎತ್ತರದ ರಹೀಂ ಬಕ್ಷ್ ಸುಲ್ತಾನಿವಾಲಾ ಎದುರಾದದ್ದು ನಾಲ್ಕು ಸಲ. ಮೊದಲ ಮೂರು ಸಲವೂ ಕುಸ್ತಿ ಸಮವಾಯಿತು. ಗಾಮಾ ಇಂಗ್ಲೆಂಡಿನಿಂದ ಮರಳಿದ ಬಳಿಕ ಅಲಹಾಬಾದಿನಲ್ಲಿ ನಡೆದ ನಾಲ್ಕನೆಯ ಕುಸ್ತಿಯಲ್ಲಿ ಅವನಿಗೆ ಜಯ ದೊರೆಯಿತು. ಎಷ್ಟೋ ವರ್ಷಗಳ ಮೇಲೆ, ಜೀವಮಾನದಲ್ಲಿ ಎದುರಿಸಿದವರೊಳಗೆ ಅತ್ಯಂತ ಬಲಿಷ್ಠ ಯಾರೆಂದು ಕೇಳಿದಾಗ, ಜಗತ್ತನ್ನೇ ಗೆದ್ದ ಗಾಮಾ ಹೇಳಿದ್ದು ಯಾವ ವಿದೇಶೀಯನ ಹೆಸರನ್ನೂ ಅಲ್ಲ, ರಹೀಂ ಬಕ್ಷನ ಹೆಸರನ್ನು. ಸೋತವನ ಹೆಸರನ್ನು ಗೆದ್ದವನು ಮುಪ್ಪಿನವರೆಗೆ ಹೊತ್ತು ತಿರುಗಿದ.

ಗಾಮಾನ ಇನ್ನೊಬ್ಬ ಎದುರಾಳಿಯಾದ ಪೋಲೆಂಡಿನ ಸ್ಟ್ಯಾನಿಸ್ಲಾಸ್ ಝಿಬಿಸ್ಕೋನ ಕಥೆಯಲ್ಲಿ ಶಿಕ್ಷಕರು ಯೋಚಿಸಬೇಕಾದ ಸಂಗತಿಗಳು ಇನ್ನೂ ಹೆಚ್ಚು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಇಬ್ಬರೂ ಎದುರಾದರು. ಆರಂಭದಲ್ಲೇ ಗಾಮಾ ಅವನನ್ನು ಕೆಳಕ್ಕೆ ಹಾಕಿದ. ಬೆನ್ನು ನೆಲಕ್ಕೆ ತಾಗಿದರಷ್ಟೇ ಸೋಲು ಎಂಬುದನ್ನರಿತ ಝಿಬಿಸ್ಕೋ ಎರಡೂವರೆ ಗಂಟೆಗೂ ಮೀರಿ ಬೋರಲಾಗಿ ನೆಲವನ್ನು ಅಪ್ಪಿಕೊಂಡೇ ಇದ್ದ. ಕುಸ್ತಿ ತೀರ್ಮಾನವಾಗದೆ ನಿಂತಿತು. ಮುಂದಿನ ವಾರ, 17ನೆಯ ತಾರೀಖು, ಅವನು ಬರಲೇ ಇಲ್ಲ. ಪಟ್ಟಿ ಗಾಮಾನ ಪಾಲಾಯಿತು. ಇಷ್ಟಕ್ಕೇ ಕಥೆ ಮುಗಿದಿದ್ದರೆ ಝಿಬಿಸ್ಕೋ ಎಂಬುದು ಹೇಡಿಯೊಬ್ಬನ ಹೆಸರಾಗಿ ಉಳಿಯುತ್ತಿತ್ತು.

ಆತ ಅಮೆರಿಕಕ್ಕೆ ಹೋದ. 1920ರ ದಶಕದಲ್ಲಿ ಅಲ್ಲಿನ ವೃತ್ತಿಪರ ಕುಸ್ತಿ ಗುತ್ತಿಗೆದಾರರ ಕೈಸೇರಿತ್ತು. ಯಾರು ಗೆಲ್ಲಬೇಕು, ಯಾರು ಎಷ್ಟು ಹೊತ್ತಿಗೆ ಬೀಳಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತಿತ್ತು. ಫುಟ್‌ಬಾಲ್ ಆಟದಿಂದ ಬಂದಿದ್ದ, ಕುಸ್ತಿಯ ಪಟ್ಟುಗಳನ್ನೇ ಸರಿಯಾಗಿ ಅರಿಯದ ವೇಯ್ನ್ ಮನ್ ಎಂಬ ದೈತ್ಯನಿಗೆ ಆ ಗುತ್ತಿಗೆದಾರರು ಜಗಜ್ಜಟ್ಟಿಯ ಪಟ್ಟ ಕಟ್ಟಿದ್ದರು. 1925ರ ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಅವನ ಮುಂದೆ ಸೋಲಬೇಕಾಗಿದ್ದವನು ಝಿಬಿಸ್ಕೋ. ಅವನು ಸೋಲಲಿಲ್ಲ. ಒಪ್ಪಂದವನ್ನು ಮುರಿದು, ನಿಜವಾದ ಕುಸ್ತಿಯನ್ನೇ ಮಾಡಿ, ಆ ಹುಸಿ ಜಗಜ್ಜಟ್ಟಿಯನ್ನು ಮತ್ತೆ ಮತ್ತೆ ಚಿತ್ ಮಾಡಿದ. ಇದರಲ್ಲಿ ಧರ್ಮಬುದ್ಧಿಯನ್ನು ಕಾಣಹೊರಟರೆ ಭ್ರಮೆಯಾದೀತು. ಪ್ರತಿಪಕ್ಷದ ಗುತ್ತಿಗೆದಾರರ ಹಣ ಅದರ ಹಿಂದಿತ್ತು, ಮರುತಿಂಗಳೇ ಅವನು ಆ ಪಟ್ಟವನ್ನು ಜೋ ಸ್ಟೆಕರನಿಗೆ ಒಪ್ಪಿಸಿದ. ಆದರೂ ಒಂದು ಸಂಜೆಯ ಮಟ್ಟಿಗೆ, ಬರೆದಿಟ್ಟ ಜಿದ್ದಿನ ನಡುವೆ ಬರೆಯದ ಜಿದ್ದೊಂದು ತಲೆಯೆತ್ತಿದಾಗ ಇಡೀ ವ್ಯಾಪಾರದ ಬಣ್ಣ ಬಯಲಾಯಿತು.

1928ರ ಜನವರಿಯಲ್ಲಿ ಇದೇ ಝಿಬಿಸ್ಕೋ ಸಮುದ್ರ ದಾಟಿ ಪಟಿಯಾಲಕ್ಕೆ ಬಂದ. ಲಂಡನ್ನಿನ ಕುಸ್ತಿ ನಡೆದು ಹದಿನೇಳು ವರ್ಷಗಳು ಕಳೆದಿದ್ದವು; ಇಬ್ಬರೂ ಐವತ್ತರ ಅಂಚಿನಲ್ಲಿದ್ದರು. ಅಪಾರ ಜನಸ್ತೋಮದ ಮುಂದೆ ಗಾಮಾ ಒಂದು ನಿಮಿಷದೊಳಗೆ ಅವನ ಬೆನ್ನನ್ನು ಮಣ್ಣಿಗೆ ತಾಗಿಸಿದ. ಎರಡೂವರೆ ಗಂಟೆಯಲ್ಲಿ ಇತ್ಯರ್ಥವಾಗದ್ದು ಒಂದು ನಿಮಿಷದಲ್ಲಿ ಇತ್ಯರ್ಥವಾಯಿತು. ಸೋಲುವುದಕ್ಕಾದರೂ ಒಮ್ಮೆ ನಿಜವಾಗಿ ಸೋಲಬೇಕೆಂದು ಆತ ಅಷ್ಟು ದೂರ ಬಂದನೋ, ಹಣಕ್ಕಾಗಿಯೇ ಬಂದನೋ, ಎರಡೂ ಇದ್ದೀತು. ಒಂದಂತೂ ನಿಜ: ಅಮೆರಿಕದ ಅಷ್ಟೊಂದು ಕುಸ್ತಿಗಳಿಗಿಂತ ಗಾಮಾನ ಕೈಯಲ್ಲಿ ಬಿದ್ದ ಆ ಒಂದು ನಿಮಿಷಕ್ಕಾಗಿಯೇ ಭಾರತದ ಗರಡಿಗಳು ಇಂದಿಗೂ ಅವನನ್ನು ಗೌರವದಿಂದ ನೆನೆಯುತ್ತವೆ.

1950–60ರ ದಶಕಗಳಲ್ಲಿ ಭಾರತದ ಗೋಡೆಗೋಡೆಗಳ ಮೇಲೆ ದಾರಾ ಸಿಂಗ್ ಮತ್ತು ಕಿಂಗ್ ಕಾಂಗರ ಭಿತ್ತಿಚಿತ್ರಗಳು ಕಾಣಿಸಿಕೊಂಡವು. ಸಿಂಗಪುರದಲ್ಲಿ ನೆಲೆಸಿದ್ದ ಎಮಿಲ್ ಚಾಯಾ ಎಂಬ ಬೃಹತ್ಕಾಯನೇ ಈ ಕಿಂಗ್ ಕಾಂಗ್. ಇಬ್ಬರೂ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಸುತ್ತುತ್ತ ಮತ್ತೆ ಮತ್ತೆ ಸೆಣಸಿದರು. 1962ರಲ್ಲಿ ‘ಕಿಂಗ್ ಕಾಂಗ್’ ಎಂಬ ಹಿಂದಿ ಚಿತ್ರವೂ ಬಂತು, ದಾರಾ ಸಿಂಗರೇ ಅದರ ನಾಯಕ. ದಾರಾ ಸಿಂಗರ ದೇಹಶಕ್ತಿಯನ್ನಾಗಲಿ ಸೌಜನ್ಯವನ್ನಾಗಲಿ ಯಾರೂ ಅಲ್ಲಗಳೆಯಲಾರರು. 1954ರಲ್ಲಿ ಟೈಗರ್ ಜೋಗಿಂದರ್ ಸಿಂಗರನ್ನು ಮಣಿಸಿ ರುಸ್ತುಂ-ಎ-ಹಿಂದ್ ಆದವರು ಅವರು; 2012ರಲ್ಲಿ ತೀರಿಕೊಂಡಾಗ ಹಳ್ಳಿಯ ಮುದುಕಿಯರೂ ‘ಹನುಮಂತ ಹೋದ’ ಎಂದು ಕಣ್ಣೊರೆಸಿಕೊಂಡರು. ಆದರೆ ಆ ಕಾಲದ ಹಗ್ಗ ಬಿಗಿದ ವೇದಿಕೆಗಳಲ್ಲಿ ಜಿದ್ದೇ ಮಾರಾಟದ ಸರಕಾಗಿತ್ತು. ಮಾರಾಟದ ಸರಕಿಗೆ ಇತ್ಯರ್ಥ ಬೇಕಿಲ್ಲ. ಇತ್ಯರ್ಥವಾದರೆ ನಾಳೆಯ ಟಿಕೇಟು ಮಾರುವುದು ಹೇಗೆ? ಇಂದು ಮಕ್ಕಳು ಕೈಯೊಳಗಿನ ಫೋನುಗಳಲ್ಲಿ ನೋಡುವ ಅಮೆರಿಕದ ಕುಸ್ತಿ ಇದರ ಮೊಮ್ಮಗು. ಅಲ್ಲಿ ಬೈಗುಳವೇ ಪಟ್ಟು, ಮುಖ ಸಿಂಡರಿಸುವುದೇ ತಾಲೀಮು.

1959ರಲ್ಲಿ ದಾರಾ ಸಿಂಗರು ಕಲ್ಕತ್ತೆಯಲ್ಲಿ ಕೆನಡಾದ ಜಾರ್ಜ್ ಗೋರ್ಡಿಯೆಂಕೋನನ್ನು ಸೋಲಿಸಿ ಕಾಮನ್‌ವೆಲ್ತ್ ಪಟ್ಟವನ್ನು ಪಡೆದದ್ದು ದೇಶಕ್ಕೆಲ್ಲ ತಿಳಿಯಿತು. ಅದೇ 1959ರಲ್ಲಿ ದೆಹಲಿಯಲ್ಲಿ ಇನ್ನೊಂದು ಕುಸ್ತಿ ನಡೆಯಿತು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ ಹುಟ್ಟಿ ಕೊಲ್ಲಾಪುರದ ತಾಲೀಮಿನಲ್ಲಿ ಪಳಗಿದ ಶ್ರೀಪತಿ ಖಂಚನಾಳೆಯವರು ಪಂಜಾಬಿನ ಬಂತಾ ಸಿಂಗರನ್ನು ಕೆಡವಿ ‘ಹಿಂದ್ ಕೇಸರಿ’ಯಾದರು. ಆ ವರ್ಷವೇ ಕರಾಡದಲ್ಲಿ ‘ಮಹಾರಾಷ್ಟ್ರ ಕೇಸರಿ’ ಬಿರುದೂ ಅವರದಾಯಿತು. ರಾಜ್ಯಗಳ ಪುನರ್ವಿಂಗಡಣೆಯಾಗಿ ಮೂರೇ ವರ್ಷ. ಬೆಳಗಾವಿ ಯಾರದೆಂಬ ವಾದ ಬೀದಿಬೀದಿಗಳಲ್ಲಿ ಕುದಿಯುತ್ತಿದ್ದ ಕಾಲ. ಮೈಸೂರು ರಾಜ್ಯಕ್ಕೆ ಸೇರಿದ ಊರಿನ ಮಗನ ತಲೆಯ ಮೇಲೆ ಮಹಾರಾಷ್ಟ್ರದ ಪಟಕವನ್ನು ಸುತ್ತುವಾಗ ಕುಸ್ತಿಪ್ರಿಯರಾರೂ ಗಡಿಕಲ್ಲಿನ ವಿಚಾರವನ್ನು ಎತ್ತಲಿಲ್ಲ. ಬೆಳಗಾವಿ ಕಡೆಯವರೇ ಆದ ಚಂಬಾ ಮುತ್ನಾಳರೂ 1960ರ ದಶಕದಲ್ಲಿ ಅದೇ ಬಿರುದನ್ನು ಗಳಿಸಿದರು. ಕನ್ನಡ, ಮರಾಠಿ, ಪಂಜಾಬಿಗಳ ನಡುವೆ ಕೆಮ್ಮಣ್ಣಿನಲ್ಲಿ ನಡೆದ ಈ ಜಿದ್ದುಗಳಲ್ಲಿ ಕಲ್ಲು ತೂರಾಟ ನಡೆಯಲಿಲ್ಲ, ಬಸ್ಸು ಸುಡಲಿಲ್ಲ. ಖಂಚನಾಳೆಯವರು 2020ರ ಡಿಸೆಂಬರಿನಲ್ಲಿ ಕೊಲ್ಲಾಪುರದಲ್ಲಿ ನಿಧನರಾದರು. ಗಡಿಯ ವಾದ ಇನ್ನೂ ಇತ್ಯರ್ಥವಾಗಿಲ್ಲ.

ಇನ್ನು ಬೆಂಗಳೂರಿನ ವಿಚಾರ. ಹಳೆಯ ಪೇಟೆಯ ಗರಡಿಮನೆಗಳು ಕರಗದ ವೀರಕುಮಾರರನ್ನು ಪಳಗಿಸಿದವು, ಊರಿಗೆ ಪೈಲ್ವಾನರನ್ನೂ ಕೊಟ್ಟವು. ಅದೇ ನಗರದಲ್ಲಿ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ಕಟ್ಟಿ ಅಂಗಸೌಷ್ಠವದ ಸಾಧನೆಗೆ ದೇಶದಲ್ಲೇ ಹೆಸರು ತಂದರು. ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃವಾಗಿ ಕನ್ನಡ ಸಾಹಿತ್ಯಕ್ಕೂ ಸಂದರು. ಆ ಮಹನೀಯರ ಬಗೆಗೆ ಪೂರ್ಣ ಗೌರವವಿಟ್ಟುಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. ಬೆಂಗಳೂರು ಅವರಿಂದ ಕನ್ನಡಿಯನ್ನು ಮಾತ್ರ ಕಲಿತು, ಗರಡಿಯ ಮಣ್ಣನ್ನು ಬಿಟ್ಟುಬಿಟ್ಟಿತು. ಇಂದು ನಗರದ ಬಡಾವಣೆಗಳಲ್ಲೆಲ್ಲ ಜಿಮ್‌ಗಳಿವೆ. ಕನ್ನಡಿಯ ಮುಂದೆ ಭಾರ ಎತ್ತುವ ತರುಣನಿಗೆ ಎದುರಾಳಿಯೆಂದರೆ ಅವನ ಪ್ರತಿಬಿಂಬವೇ. ಅದು ಅವನನ್ನು ಎಂದೂ ಕೆಳಕ್ಕೆ ಕೆಡವುವುದಿಲ್ಲ, ಬಿದ್ದವನ ಕೈಹಿಡಿದು ಎಬ್ಬಿಸುವುದೂ ಇಲ್ಲ.

ಪೀಣ್ಯದ ಕಾರ್ಖಾನೆಗಳಲ್ಲಿ ಲೇತು ತಿರುಗಿಸುವ, ವೆಲ್ಡಿಂಗ್ ಮಾಡುವ ಕೈಗಳಲ್ಲಿ ಎಷ್ಟೋ ಕೈಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಗದಗ ಜಿಲ್ಲೆಗಳಿಂದ ಬಂದವು. ಆ ಭಾಗದ ಬಸ್ಸುಗಳಿಗಾಗಿಯೇ 2014ರಲ್ಲಿ ಪೀಣ್ಯದಲ್ಲಿ ತೆರೆದ ನಿಲ್ದಾಣಕ್ಕೆ ಬಸವೇಶ್ವರರ ಹೆಸರನ್ನಿಟ್ಟದ್ದು ಅರ್ಥಪೂರ್ಣವಾಗಿತ್ತು. ನಿಲ್ದಾಣ ನಿರೀಕ್ಷೆಯಂತೆ ನಡೆಯಲಿಲ್ಲವೆಂಬುದು ಬೇರೆ ಮಾತು. ಆ ತಂದೆಯರಲ್ಲಿ ಊರ ಜಾತ್ರೆಯ ಕಣದಲ್ಲಿ ಹಲಗೆಯ ಬಡಿತಕ್ಕೆ ತೊಡೆ ತಟ್ಟಿ ಇಳಿದವರು ಉಂಟು. ಅವರ ಮಕ್ಕಳು ಬಾಡಿಗೆಯ ಒಂದು ಕೋಣೆಯ ಮನೆಗಳಲ್ಲಿ ಬೆಳೆಯುತ್ತಿದ್ದಾರೆ. ಶಾಲೆಯಲ್ಲಿ ಅವರು ಅರಿಯುವ ಸ್ಪರ್ಧೆ ಅಂಕಗಳದು: ಲಕ್ಷಗಟ್ಟಲೆ ಎದುರಾಳಿಗಳು, ಒಬ್ಬನ ಮುಖವೂ ಕಾಣದು. ಬೀದಿಯಲ್ಲಿ ಅರಿಯುವ ಸ್ಪರ್ಧೆ ಹತ್ತು ಜನ ಸೇರಿ ಒಬ್ಬನನ್ನು ಹೊಡೆಯುವುದು. ತನ್ನ ತೂಕದ, ತನ್ನ ವಯಸ್ಸಿನ, ತನ್ನಷ್ಟೇ ಕಲಿತ ಒಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು, ಒಂದು ಹಿಡಿ ಮಣ್ಣನ್ನು ಹಣೆಗೊತ್ತಿಕೊಂಡು ಆರಂಭಿಸಿ, ಬಿದ್ದ ಮೇಲೆ ಎದ್ದು ಕೈ ಕೊಡುವ ಸಂದರ್ಭ ಈ ಎರಡರಲ್ಲಿಯೂ ಇಲ್ಲ.

ಗರಡಿಯಿಂದ ರೌಡಿಗಳು ಹುಟ್ಟುತ್ತಾರೆಂಬ ಆಕ್ಷೇಪಣೆಯೊಂದು ಬೆಂಗಳೂರಿನಲ್ಲಿ ಬಹುಕಾಲದಿಂದ ಇದೆ. ಅದನ್ನು ಸುಳ್ಳೆಂದು ತಳ್ಳಿಹಾಕುವುದು ಪ್ರಾಮಾಣಿಕತೆಯಾಗದು. ಚುನಾವಣೆಗಳಲ್ಲಿ, ನಿವೇಶನದ ವ್ಯಾಜ್ಯಗಳಲ್ಲಿ ಪೈಲ್ವಾನರ ತೋಳುಗಳನ್ನು ಬಾಡಿಗೆಗೆ ಕೊಂಡವರಿದ್ದರು, ಕೊಟ್ಟವರೂ ಇದ್ದರು. ಆದರೆ ಅದು ಸಂಭವಿಸಿದ್ದು ತೋಳಿಗೆ ಬಲ ಬಂದುದರಿಂದಲ್ಲ. ಕುಸ್ತಿಗೆ ಪೋಷಣೆ ತಪ್ಪಿ, ಪೈಲ್ವಾನನ ಹಾಲು, ಬಾದಾಮಿಗಳ ಖರ್ಚನ್ನು ಹೊರುವವರಿಲ್ಲದೆ ಹೋದಾಗ, ಉಸ್ತಾದನ ಮಾತಿಗಿಂತ ಯಜಮಾನನ ರೂಪಾಯಿ ಮೇಲಾಯಿತು. ಜೋಡಿ ಕಟ್ಟುವ ಹಿರಿಯ ಇಲ್ಲದ ಗರಡಿಯಲ್ಲಿ ಹುಡುಗ ತನ್ನ ಜೋಡಿಯನ್ನು ಬೀದಿಯಲ್ಲಿ ಹುಡುಕಿಕೊಳ್ಳುತ್ತಾನೆ. ರಾಜ್ಯ ಸರ್ಕಾರ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುವುದು ಸ್ತುತ್ಯವೇ ಸರಿ. ಆದರೆ ಅದು ಕುಸ್ತಿ ಮುಗಿದ ಮೇಲಿನ ಮಾತು. ಕುಸ್ತಿ ಆರಂಭವಾಗುವ ವಯಸ್ಸಿನಲ್ಲಿ ನೆರವಾಗಬೇಕಾದವರು ಬೇರೆಯವರು.

ಮಠಗಳು ಈ ಕಾರ್ಯಕ್ಕೆ ಅಪರಿಚಿತವೂ ಅಲ್ಲ. ಸುತ್ತೂರಿನ ಜಾತ್ರೆಯಲ್ಲಿ ಭಜನೆ, ದನಗಳ ಪರಿಷೆ, ಕೃಷಿ ಮೇಳಗಳ ಜೊತೆಗೆ ಕುಸ್ತಿ ಪಂದ್ಯಗಳೂ ನಡೆದುಬಂದಿವೆ. ಅನ್ನದಾಸೋಹ, ಅಕ್ಷರದಾಸೋಹಗಳನ್ನು ಕಂಡ ಸಂಸ್ಥೆಗಳಿಗೆ ಮಣ್ಣಿನ ದಾಸೋಹ ಭಾರವಾಗಲಾರದು. ಪೀಣ್ಯದ ಸುತ್ತಣ ಮಠಗಳ ಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಗೆ, ಸಭಾಭವನಕ್ಕೆ ದಾನಿಗಳು ಮುಂದೆ ಬರುತ್ತಾರೆ. ಶಿಲಾಫಲಕಕ್ಕೆ ಅಲ್ಲಿ ಗೋಡೆಯುಂಟು. ಗರಡಿಗೆ ಬೇಕಾದದ್ದು ಇಪ್ಪತ್ತಡಿ ಚೌಕದ ಒಂದು ಕಣ, ಮೇಲೊಂದು ತಗಡಿನ ಸೂರು, ಕೆಲವು ಲಾರಿ ಕೆಮ್ಮಣ್ಣು, ಅದಕ್ಕೆ ಬೆರೆಸಲು ಎಣ್ಣೆ, ಅರಿಸಿನ, ನಿಂಬೆಹಣ್ಣು. ರಾಷ್ಟ್ರಮಟ್ಟದ ಪಂದ್ಯಗಳೆಲ್ಲ ಮ್ಯಾಟಿನ ಮೇಲೆ ನಡೆಯುವುದರಿಂದ, ಅನುಕೂಲವಿದ್ದಲ್ಲಿ ಪಕ್ಕದಲ್ಲೇ ಒಂದು ಮ್ಯಾಟನ್ನೂ ಹಾಸುವುದು ಯುಕ್ತ. ಬಾಗಲಕೋಟೆಯ ಕಡೆಯ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಗ್ರೀಕೋ-ರೋಮನ್ ಶೈಲಿಯ 55 ಕಿಲೋ ವಿಭಾಗದ ಕಂಚನ್ನು ಗೆದ್ದದ್ದು ಮ್ಯಾಟಿನ ಮೇಲೆಯೇ. ದಸರೆಯಲ್ಲಿ ಹೆಣ್ಣುಮಕ್ಕಳಿಗೂ ‘ದಸರಾ ಕಿಶೋರಿ’ ಬಿರುದು ಇರುವಾಗ, ಶಾಲೆಯ ಕಣದಲ್ಲಿ ಅವರಿಗೂ ವಾರದಲ್ಲಿ ಗೊತ್ತಾದ ದಿನಗಳು ಇರತಕ್ಕದ್ದು. ಹಳಿಯಾಳ, ಗದಗಗಳ ಕಡೆಯ ಹುಡುಗಿಯರು ಈ ವಿಚಾರದಲ್ಲಿ ಬೆಂಗಳೂರಿಗಿಂತ ಬಹಳ ಮುಂದಿದ್ದಾರೆ.

ಉಸ್ತಾದನನ್ನು ಎಲ್ಲಿಂದ ತರುವುದೆಂಬ ಪ್ರಶ್ನೆ ಉಳಿಯಿತು. ಅದಕ್ಕೆ ಮೈಸೂರಿಗಾಗಲಿ ಕೊಲ್ಲಾಪುರಕ್ಕಾಗಲಿ ಮೊದಲೇ ಬರೆಯಬೇಕಾಗಿಲ್ಲ. ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದು, ಮಕ್ಕಳ ತಂದೆಯರ ಸ್ವಂತ ಊರುಗಳ ಮೇಲೆ ಬೆರಳಾಡಿಸಿ, ಒಂದು ಭಾನುವಾರ, ಕಾರ್ಖಾನೆಗಳಿಗೆ ರಜೆಯಿರುವ ದಿನ, ಅವರನ್ನು ಕರೆದು ಕೇಳಿದರೆ ಸಾಕು. ಕಿವಿ ಮುರುಟಿದವರು ಇಬ್ಬರು ಮೂವರಾದರೂ ಎದ್ದು ನಿಲ್ಲುತ್ತಾರೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಯಾರಿಗೆ ಯಾರು ಜೋಡಿಯೆಂದು ಅವರೇ ಹೇಳಲಿ.